ಜಮೀನ್ದಾರನೂ ಮೂರು ಮಿಲಿಮೀಟರೂ

ಫೋಟೊಗಳಿಗೆ ಕಟ್ಟು ಹಾಕುವುದು ನನ್ನ ಕಸುಬು. ಈ ಊರಿನ ಗೋಡೆಗಳ ಮೇಲಿರುವ ಮುಖಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದ ಹಾದುಹೋದವು. ಉಳಿದ ಕಾಲು ಪಾಲು ಸೊಟ್ಟಗೆ ನೇತಾಡುತ್ತಿವೆ. ಗಾಜು ಕೊಯ್ಯಲು ಬೇರೆಯವರಿಗೆ ಅಳತೆಪಟ್ಟಿ, ಪೆನ್ಸಿಲು, ಕನ್ನಡಕ ಎಲ್ಲ ಬೇಕು. ನನಗೆ ಕಣ್ಣೊಂದು ಸಾಕು. ಒಮ್ಮೆ ದಿಟ್ಟಿಸಿ ನೋಡಿದೆನೆಂದರೆ ಗಾಜು ತಾನಾಗಿ ಬಿರಿದು ಎರಡು ಹೋಳಾಗಿ ಮಲಗುತ್ತದೆ. ಕಟರ್ ಹಿಡಿಯುವುದು ಗಿರಾಕಿಗಳ ಸಮಾಧಾನಕ್ಕೆ.

ಮನೆಯ ಮೀನಿನ ತೊಟ್ಟಿಯನ್ನೂ ನಾನೇ ಕಟ್ಟಿದ್ದು. ಐದು ಅಡಿ ಉದ್ದ, ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಒಳಗೆ ಗುಡ್ಡದ ಹಾಗೆ ಪೇರಿಸಿದ ಕಲ್ಲುಗಳು. ನಟ್ಟನಡುವೆ ಹನ್ನೊಂದು ಚಪ್ಪಟೆ ಕಲ್ಲು ಅಂಟಿಸಿ ನಾನು ಮಾಡಿದ ಕಮಾನು. ಆ ಕಮಾನನ್ನು ನೋಡಿದ ಎಂಜಿನಿಯರೊಬ್ಬ ನಾಚಿಕೆಯಿಂದ ಕೆಲಸ ಬಿಟ್ಟನೆಂದು ಕೇಳಿದ್ದೇನೆ. ಕಮಾನಿನ ಕೆಳಗೆ ಜಮೀನ್ದಾರನ ವಾಸ.

ಜಮೀನ್ದಾರ ಎಂದರೆ ಅಂಗೈ ಉದ್ದದ ನೀಲಿ ಮೀನು, ಮೈಮೇಲೆ ಕಪ್ಪು ಪಟ್ಟೆ. ಕಲ್ಲುಗಳ ಸಂದಿಯಲ್ಲಿ ಬದುಕುವ, ಒಂದೊಂದು ಕಲ್ಲಿಗೂ ಹಕ್ಕುಪತ್ರ ಇಟ್ಟುಕೊಂಡಂತೆ ಆಡುವ ಜಾತಿ ಅದು. ಏಳು ವರ್ಷದಿಂದ ಒಬ್ಬನೇ ಇದ್ದ. ಜೊತೆಗಿರಲಿ ಎಂದು ನಾನು ತಂದು ಬಿಟ್ಟ ಮೀನುಗಳಲ್ಲಿ ಒಂದೂ ವಾರ ದಾಟಲಿಲ್ಲ. ಪಕ್ಕದ ಮನೆಯ ಬೆಕ್ಕು ನಮ್ಮ ಹಾಲ್ ದಾಟುವಾಗ ತೊಟ್ಟಿಯ ಕಡೆ ನೋಡದೆ ಗೋಡೆಗೆ ಅಂಟಿಕೊಂಡು ಹೋಗುತ್ತಿತ್ತು. ನೀರು ಬದಲಿಸಲು ಕೈ ಹಾಕಿದ ನನ್ನ ಉಂಗುರದ ಬೆರಳಿಗೇ ಕಚ್ಚಿ, ನನ್ನ ಮದುವೆಯನ್ನು ನಾಲ್ಕು ವರ್ಷ ಮುಂದೆ ಹಾಕಿದವನು ಅವನು ಎಂದರೆ ನೀವು ನಂಬಬೇಕು.

ಮದುವೆ ಕೊನೆಗೂ ಆಯಿತು, ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ. ಹೆಂಡತಿ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ‘ಸೂಜಿ ನೋಡಬೇಡಿ, ಗೋಡೆ ನೋಡಿ’ ಎಂಬ ಬೋರ್ಡಿಗೆ ಕಟ್ಟು ಹಾಕಿಸಲು ನನ್ನ ಅಂಗಡಿಗೆ ಬಂದಿದ್ದಳು. ನನ್ನ ಕೈಕೆಲಸಕ್ಕೆ ಮರುಳಾಗಿ ಮತ್ತೆ ಮತ್ತೆ ಬಂದಳು. ಬೋರ್ಡು ಎರಡು ಸಲ ಕೆಳಗೆ ಬಿತ್ತು, ಅದಕ್ಕೇ ಬಂದೆ ಎನ್ನುತ್ತಾಳೆ ಅವಳು. ಇರಲಿ. ಅವಳ ಮೊದಲ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಯಾವ ಕೆಟ್ಟ ಸುದ್ದಿ ಹೇಳುವ ಮೊದಲೂ ಅವಳು, “ಸ್ವಲ್ಪ ಚುಚ್ಚಿದ ಹಾಗೆ ಆಗುತ್ತೆ, ಅಷ್ಟೇ” ಎನ್ನುತ್ತಾಳೆ. ಕಸುಬಿನ ಅಭ್ಯಾಸ.

ನಾನಿದ್ದ ಎರಡು ಕೋಣೆಯ ಮನೆಗೆ ಅವಳು ಬಂದಾಗ ಜೊತೆಯಲ್ಲಿ ಹನ್ನೊಂದು ವರ್ಷದ ಮಗಳಿದ್ದಳು. ಮಗಳ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಮುಚ್ಚಳವಿದ್ದ ಬಕೆಟ್ಟು. ಬಕೆಟ್ಟಿನಲ್ಲಿ ಐದು ಹಳದಿ ಮರಿಮೀನು. ಅವುಗಳ ತೊಟ್ಟಿ ಮನೆ ಖಾಲಿ ಮಾಡುವಾಗ ಒಡೆದುಹೋಗಿತ್ತಂತೆ. ಹುಡುಗಿ ಸೂಟ್‌ಕೇಸನ್ನು ಬಾಗಿಲ ಪಕ್ಕದಲ್ಲೇ ನಿಲ್ಲಿಸಿ, ಬಕೆಟ್ಟನ್ನು ಇಳಿಸಿ, ನೇರವಾಗಿ ಹೋಗಿ ನನ್ನ ಕುರ್ಚಿಯಲ್ಲಿ ಕುಳಿತಳು.

ತೊಟ್ಟಿಗೆ ಎದುರಾಗಿರುವ ಆ ಒರಗು ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನಲ್ಲದೆ ಇನ್ನೊಬ್ಬರು ಕೂತಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ಎರಡನೇ ಸಲ ಸರಿಮಾಡಿಕೊಂಡಾಗ ಅವಳು ಎದ್ದಳು.

“ಇವನು ಯಾರು?” ತೊಟ್ಟಿಗೆ ಮೂಗು ತಾಗಿಸಿ ಕೇಳಿದಳು.

“ಜಮೀನ್ದಾರ.”

“ಒಬ್ಬನೇ ಯಾಕಿದಾನೆ?”

“ಅವನಿಗೆ ಸರಿಸಮ ಯಾರೂ ಸಿಗಲಿಲ್ಲ.”

“ಅಂದ್ರೆ ಮಿಕ್ಕಿದ್ದನ್ನೆಲ್ಲ ಸಾಯಿಸಿದಾನೆ.”

“ಛೆ, ಹಾಗೇನಿಲ್ಲ. ಕೆಲವು ತಾವಾಗೇ ಬೇಜಾರು ಮಾಡ್ಕೊಂಡು ಹೋದವು.”

“ನೀವು ಸುಳ್ಳು ಹೇಳ್ತಿದೀರಿ, ಅಂಕಲ್.”

‘ನೀವು’, ‘ಹೇಳ್ತಿದೀರಿ’. ನನಗೆ ಜೀವಮಾನದಲ್ಲಿ ಎಷ್ಟೋ ಜನ ಮರ್ಯಾದೆ ಕೊಟ್ಟಿದ್ದಾರೆ, ಆದರೆ ಇಷ್ಟು ದೂರದಿಂದ ಯಾರೂ ಕೊಟ್ಟಿರಲಿಲ್ಲ. ಅಮ್ಮನಿಗೆ ನೀನು, ಅಜ್ಜಿಗೆ ನೀನು, ಬಕೆಟ್ಟಿನ ಮೀನಿಗೆ ನೀನು. ನನಗೆ ಮಾತ್ರ ಬಹುವಚನ, ಅದೂ ಇಸ್ತ್ರಿ ಮಾಡಿದ್ದು. ಆ ‘ನೀವು’ ಕೇಳಿದರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲಬೇಕು ಅನ್ನಿಸುತ್ತಿತ್ತು, ನನ್ನ ಮನೆಯಲ್ಲೇ.

“ನಿನ್ನ ಮೀನಿಗೆ ಬೇರೆ ತೊಟ್ಟಿ ಕಟ್ಟಿಕೊಡ್ತೀನಿ. ಅರಮನೆ ಥರ,” ಅಂದೆ.

“ಬೇರೆ ಬೇರೆನೇ ಇರೋದಾದ್ರೆ ನಾವೂ ಬೇರೆ ಮನೇಲೇ ಇರ್ಬೋದಿತ್ತಲ್ವಾ?” ಅಂದಳು. ನಂತರ ಷರತ್ತು ಹೇಳಿದಳು. ಶಾಲೆ ಶುರುವಾಗಲು ಮೂರು ವಾರ. ಅಷ್ಟರೊಳಗೆ ಅವಳ ಐದೂ ಮೀನು ಈ ತೊಟ್ಟಿಯಲ್ಲಿ, ಜಮೀನ್ದಾರನ ಜೊತೆ, ನೆಟ್ಟಗೆ ಬದುಕಬೇಕು. “ಒಂದು ಸತ್ರೂ ನಾನು ಅಜ್ಜಿ ಮನೆಗೆ ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಸೇರ್ತೀನಿ. ಅಜ್ಜಿ ಒಪ್ಪಿದಾಳೆ. ಅಲ್ಲೀವರೆಗೂ ಸೂಟ್‌ಕೇಸ್ ಬಿಚ್ಚಲ್ಲ.”

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಓರೆ ಮಾಡಿದಳು. “ಸ್ವಲ್ಪ ಚುಚ್ಚಿದ ಹಾಗೆ ಆಗುತ್ತೆ, ಅಷ್ಟೇ. ಅವಳು ಹೋದ್ರೆ ನಾನೂ ಹೋಗ್ತೀನಿ ರೀ. ಅವಳನ್ನ ಬಿಟ್ಟು ಇರೋಕೆ ನನ್ನಿಂದ ಆಗಲ್ಲ.”

“ಐದು ಮೀನು ತಾನೇ? ಐನೂರು ತರಲಿ,” ಅಂದೆ. “ನಾನು ಹುಲಿ ಜಿಂಕೆ ಒಂದೇ ಕಟ್ಟಿನೊಳಗೆ ಕೂರಿಸಿದವನು.” ಅದು ಸುಳ್ಳಲ್ಲ. ಪಶುವೈದ್ಯರೊಬ್ಬರ ಮನೆಗೆ ಅಂಥ ಚಿತ್ರವೊಂದಕ್ಕೆ ನಾನೇ ಕಟ್ಟು ಹಾಕಿದ್ದೆ.

ನನ್ನ ಉಪಾಯ ಸರಳವಾಗಿತ್ತು. ತೊಟ್ಟಿಯ ನಡುವೆ ಒಂದು ಗಾಜಿನ ಗೋಡೆ. ಆ ಕಡೆ ಜಮೀನ್ದಾರ, ಈ ಕಡೆ ಐದು ಮರಿ. ದಿನಾ ಮುಖ ನೋಡಿ ನೋಡಿ ಅಭ್ಯಾಸವಾಗುತ್ತದೆ, ಹತ್ತು ದಿನ ಬಿಟ್ಟು ಗಾಜು ಎತ್ತಿದರೆ ಆಯಿತು. ಅಂಗಡಿಗೆ ಹೋಗಿ ಕಣ್ಣಳತೆಯಲ್ಲೇ ಗಾಜು ಕೊಯ್ದು ತಂದೆ. ಹುಡುಗಿ ತನ್ನ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತೆಗೆದು ನಿಂತಿದ್ದಳು.

“ಅಳತೆ ನೋಡ್ಲಾ?”

“ಸ್ಕೇಲನ್ನ ಬೇಕಾದ್ರೆ ನನ್ನ ಗಾಜಿಗೆ ಇಟ್ಟು ಸ್ಕೇಲು ಸರಿ ಇದೆಯಾ ನೋಡ್ಕೋ. ನನ್ನ ಗಾಜನ್ನ ಸ್ಕೇಲಲ್ಲಿ ನೋಡೋದು ಬೇಡ.”

ಗಾಜನ್ನು ರಬ್ಬರಿನ ತುಂಡುಗಳಿಂದ ಬಿಗಿಮಾಡಿ ನಿಲ್ಲಿಸಿದೆ. ಮರಿಗಳನ್ನು ಬಕೆಟ್ಟಿನಿಂದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲವನ್ನು ತೊಟ್ಟಿಯ ನೀರಿನಲ್ಲಿ ಅರ್ಧ ಗಂಟೆ ತೇಲಿಬಿಟ್ಟು, ನೀರಿಗೆ ನೀರು ಹೊಂದಿಕೊಂಡ ಮೇಲೆ ಒಂದೊಂದಾಗಿ ಬಿಟ್ಟೆ. ಐದರಲ್ಲಿ ತೀರಾ ಸಣ್ಣದೊಂದಿತ್ತು. ಅದಕ್ಕೆ ಹುಡುಗಿ ‘ಚೂರು’ ಎಂದು ಹೆಸರಿಟ್ಟಿದ್ದಳು. ಜಮೀನ್ದಾರ ಬಂದು ಗಾಜಿಗೆ ಡಿಕ್ಕಿ ಹೊಡೆದ. ಕೆಳಗಿನ ಮನೆಯವರು ಭೂಕಂಪವೆಂದು ಮೆಟ್ಟಿಲಿಗೆ ಬಂದಿರಬೇಕು, ನಾನು ಹೋಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಈ ಕಡೆ ನಾಲ್ಕೇ ಹಳದಿ ಮೀನು.

ಚೂರು ಆ ಕಡೆ ಇತ್ತು. ಬಾಲ ಅರ್ಧ ಹರಿದು, ಮೇಲಿನ ಮೂಲೆಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಹುಡುಗಿ ಕಿರುಚಲಿಲ್ಲ. ಬಲೆ ಹಾಕಿ ಅದನ್ನು ಎತ್ತಿ ಬಕೆಟ್ಟಿಗೆ ಬಿಟ್ಟು, ಮಿಕ್ಕ ನಾಲ್ಕನ್ನೂ ಎತ್ತಿ ಬಿಟ್ಟು, ಗಾಳಿಗುಳ್ಳೆಯ ಪಂಪು ಹಾಕಿ, ಸ್ಕೇಲು ತಂದು ಗಾಜಿನ ಅಂಚಿಗೆ ಇಟ್ಟಳು. ಗಾಜು ಒಂದು ಪಕ್ಕಕ್ಕೆ ಜಾರಿತ್ತು. ಇನ್ನೊಂದು ಪಕ್ಕದಲ್ಲಿ ಸಂದು.

“ಆರು ಮಿಲಿಮೀಟರ್,” ಅಂದಳು. “ನೀವು ಗಾಜು ಚಿಕ್ಕದು ಮಾಡಿದೀರಿ.”

ತಪ್ಪು ನನ್ನ ಕಣ್ಣಿನದಲ್ಲ, ಕಸುಬಿನದು. ಫೋಟೊ ಕಟ್ಟಿಗೆ ಗಾಜು ಕೊಯ್ಯುವಾಗ ಒಂದೊಂದು ಕಡೆಗೂ ಮೂರು ಮಿಲಿಮೀಟರ್ ಕಡಿಮೆ ಮಾಡುತ್ತೇವೆ. ಮರ ಉಬ್ಬುತ್ತದೆ, ಕುಗ್ಗುತ್ತದೆ; ಗಾಜು ಬಿಗಿಯಾಗಿದ್ದರೆ ಬಿರಿಯುತ್ತದೆ. ಮೂವತ್ತು ವರ್ಷದಿಂದ ನನ್ನ ಕೈ ಯಾರನ್ನೂ ಕೇಳದೆ ಆ ಮೂರು ಮಿಲಿಮೀಟರ್ ಬಿಡುತ್ತ ಬಂದಿದೆ. ತೊಟ್ಟಿ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ಕೈಗೆ ಹೇಗೆ ಗೊತ್ತಾಗಬೇಕು? ಜಗತ್ತಿನ ಬೇರೆ ಯಾರೇ ಕೊಯ್ದಿದ್ದರೂ ಗಾಜು ಸರಿಯಾಗಿರುತ್ತಿತ್ತು. ಇಂಥ ತಪ್ಪು ಮಾಡಲು ನನ್ನಷ್ಟು ನುರಿತವನೇ ಬೇಕು.

ಇದನ್ನೆಲ್ಲ ವಿವರಿಸಿದೆ. ಹುಡುಗಿ ಪೂರ್ತಿ ಕೇಳಿ, “ಸರಿ. ಇನ್ನೂ ಸತ್ತಿಲ್ಲ,” ಎಂದಷ್ಟೇ ಹೇಳಿ, ಸೂಟ್‌ಕೇಸನ್ನು ಬಾಗಿಲಿಗೆ ಇನ್ನೊಂದು ಗೇಣು ಹತ್ತಿರ ಸರಿಸಿದಳು.

ಕೊನೆಗೆ ನಾನು ಮೀನಂಗಡಿಗೆ ಹೋದೆ. ಹೋಗುವುದು ಎಂದರೆ ಅಷ್ಟು ಸುಲಭವಲ್ಲ. ಮೀನಿನ ವಿಷಯದಲ್ಲಿ ಆ ಅಂಗಡಿಯವನಿಗೆ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದವನೇ ನಾನು. ಹುಡುಗಿಯೂ ನೋಟುಬುಕ್ಕು ಹಿಡಿದು ಬಂದಳು.

“ಬಾ ಫ್ರೇಮಣ್ಣ,” ಅಂದ ಅವನು, ಕೈಯಲ್ಲಿದ್ದ ಬಲೆ ಕೆಳಗಿಟ್ಟು. “ಇವತ್ತು ಏನು ಕಲಿಸೋಕೆ ಬಂದೆ?”

“ನನ್ನ ಸ್ನೇಹಿತನೊಬ್ಬನಿಗೆ ಒಂದು ತೊಂದರೆ ಆಗಿದೆ,” ಎಂದು ಶುರುಮಾಡಿದೆ.

“ಇವರಿಗೇ ಆಗಿರೋದು,” ಅಂದಳು ಹುಡುಗಿ, ಮತ್ತು ಎಲ್ಲ ಹೇಳಿದಳು, ಆರು ಮಿಲಿಮೀಟರೂ ಸೇರಿಸಿ.

ಮೀನಂಗಡಿಯವನು ನಗಲಿಲ್ಲ, ನಗುವನ್ನು ನುಂಗಿಕೊಂಡ, ಅದು ಅವನ ಹೊಟ್ಟೆಯವರೆಗೂ ಇಳಿದದ್ದು ಕಾಣಿಸಿತು. ಆಮೇಲೆ ನನ್ನನ್ನು ಬಿಟ್ಟು ಹುಡುಗಿಗೇ ಹೇಳಿದ: “ನೋಡು ಮಗಳೇ, ಅದಕ್ಕೆ ನಿನ್ನ ಮೀನಿನ ಮೇಲೆ ಸಿಟ್ಟಿಲ್ಲ. ಅದಕ್ಕೆ ತನ್ನ ಜಾಗದ ಚಿಂತೆ. ಈ ಕಲ್ಲು ನಂದು, ಆ ಸಂದು ನಂದು ಅಂತ ತಲೇಲಿ ನಕ್ಷೆ ಬರ್ಕೊಂಡಿರುತ್ತೆ. ಆ ನಕ್ಷೆ ಅಳಿಸ್ಬೇಕು. ಮೊದಲು ಅದನ್ನ ಹಿಡಿದು, ತೂತಿನ ಬುಟ್ಟೀಲಿ ಹಾಕಿ, ತೊಟ್ಟಿ ಅಂಚಿಗೆ ನೇತುಹಾಕು. ನೀರು ಅದೇ, ಹೊರಗೆ ಬರೋಕಾಗಲ್ಲ. ಆಮೇಲೆ ಕಲ್ಲೆಲ್ಲ ಕಿತ್ತು ಬೇರೆ ಥರ ಜೋಡಿಸು. ಲೈಟು ಆರಿಸಿ ನಿನ್ನ ಐದನ್ನೂ ಒಟ್ಟಿಗೇ ಬಿಡು. ಅವು ಮೂರು ದಿನ ಜಾಗ ಹುಡುಕ್ಕೊಳ್ಳಲಿ. ನಾಲ್ಕನೇ ದಿನ ಹೊಟ್ಟೆ ತುಂಬ ತಿನ್ನಿಸಿ ಜಮೀನ್ದಾರನ್ನ ಬಿಡು. ಆಗ ಹೊಸಬ ಯಾರು?”

“ಅವನು,” ಅಂದಳು ಹುಡುಗಿ, ಬರೆದುಕೊಳ್ಳುತ್ತ.

“ಹಾಂ. ಆದ್ರೆ ಒಂದು ಕಲ್ಲೂ ಹಳೇ ಜಾಗದಲ್ಲಿ ಇರ್ಬಾರದು. ಒಂದೂ.”

ಚೂರುವಿನ ಬಾಲ ಸ್ವಲ್ಪ ಚಿಗುರಲಿ ಎಂದು ವಾರ ಕಾದೆವು. ನಂತರ ನಾನು ಜಮೀನ್ದಾರನನ್ನು ಹಿಡಿದೆ. ಆ ಯುದ್ಧದ ವಿವರ ಬೇಡ, ನೀರು ಚಿಮ್ಮಿ ಚಾವಣಿಯ ಬಣ್ಣ ಎದ್ದಿತು. ತರಕಾರಿ ತೊಳೆಯುವ ಬುಟ್ಟಿಯಲ್ಲಿ ಅವನನ್ನು ನೇತುಹಾಕಿ, ಹುಡುಗಿಯೂ ನಾನೂ ತೋಳೇರಿಸಿ ಕಲ್ಲು ಕಿತ್ತೆವು. ಎಡದ್ದು ಬಲಕ್ಕೆ, ಹಿಂದಿನದು ಮುಂದಕ್ಕೆ.

“ಅದು?” ಕಮಾನಿನ ಕಡೆ ಬೆರಳು ತೋರಿಸಿದಳು.

“ಅದು ಅಂಟಿಸಿದ್ದು. ಬಿಡು.”

“ಅಂಟು ನೆಲಕ್ಕಿಲ್ಲ. ಎತ್ತಬಹುದು.”

“ಅಷ್ಟೆಲ್ಲ ಅಲುಗಾಡಿಸಿದ್ರೆ ಆ ಕೆಲಸಕ್ಕೆ ಅವಮಾನ.”

ಅವಳು ನನ್ನ ಮುಖವನ್ನೊಮ್ಮೆ ನೋಡಿ ಪಕ್ಕದ ಕಲ್ಲಿಗೆ ಕೈ ಹಾಕಿದಳು. ಲೈಟು ಆರಿಸಿ ಐದು ಮರಿಗಳನ್ನೂ ಬಿಟ್ಟೆವು. ನಾಲ್ಕನೆಯ ದಿನ ಜಮೀನ್ದಾರನಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ಬಿಟ್ಟೆವು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ, ಒಂದು ಸುತ್ತು ಬಂದ. ಕಮಾನು ಕಂಡಿತು. ನೆಟ್ಟಗೆ ಹೋಗಿ ಅದರ ಕೆಳಗೆ ನಿಂತ, ರೆಕ್ಕೆ ಬಿಚ್ಚಿದ, ಮತ್ತು ಅಲ್ಲಿಂದ ಬಾಣದ ಹಾಗೆ ಹೊರಟು ಒಂದು ಹಳದಿ ಮೀನಿನ ಪಕ್ಕೆಯ ಎರಡು ಹುರುಪೆ ಎಬ್ಬಿಸಿದ. ಹುಡುಗಿಯ ಕೈಯಲ್ಲಿ ಬಲೆ ಸಿದ್ಧವಾಗಿಯೇ ಇತ್ತು. ಅವಳಿಗೆ ಮೊದಲೇ ಗೊತ್ತಿತ್ತು.

ಬುಟ್ಟಿಗೆ ಅವನನ್ನು ವಾಪಸು ಹಾಕಿ, “ಕಮಾನು ಬೇಕಾಗಿದ್ದಿದ್ದು ಮೀನಿಗಾ, ನಿಮಗಾ ಅಂಕಲ್?” ಎಂದು ಕೇಳಿದಳು.

ನಾನು ಕಮಾನನ್ನು ಎರಡು ಕೈಯಲ್ಲಿ ಎತ್ತಿ ಬಚ್ಚಲುಮನೆಗೆ ಒಯ್ದು ಇಟ್ಟೆ. ಶಾಲೆ ಶುರುವಾಗಲು ಇನ್ನು ಎಂಟು ದಿನ. ಹೆಂಡತಿ ಬಸ್ಸಿನ ಸಮಯ ಬರೆದ ಚೀಟಿಯನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿದ್ದಳು. ಎರಡು ಸೀಟು ಎಂದಿತ್ತು.

ಜಮೀನ್ದಾರನ ಸೆರೆವಾಸದ ಮೂರನೆಯ ದಿನ. ಮಧ್ಯಾಹ್ನ ಅಂಗಡಿ ಬೇಗ ಮುಚ್ಚಿ ಮನೆಗೆ ಬಂದು, ಇಪ್ಪತ್ತೆರಡು ವರ್ಷ ಬಂದ ಹಾಗೆಯೇ ಕಣ್ಣು ಮುಚ್ಚಿ ಒಳಗೆ ಮೂರು ಹೆಜ್ಜೆ ಇಟ್ಟೆ. ಮೂರನೆಯ ಹೆಜ್ಜೆಗೆ ಮೊಣಕಾಲ ಕೆಳಗಿನ ಮೂಳೆಗೆ ಮೇಜು ಬಡಿಯಿತು. ಮೇಜು ಅಲ್ಲಿ ಇರುವಂಥದ್ದಲ್ಲ. ಬೀರು ಕಿಟಕಿಯ ಹತ್ತಿರ ಇತ್ತು, ಟೀವಿ ಬೀರು ಇದ್ದ ಕಡೆ. ಮಂಚ ಅಡ್ಡಡ್ಡ. ಗೋಡೆಯ ಮೇಲಿದ್ದ ನನ್ನ ಅಂಗಡಿಯ ಕ್ಯಾಲೆಂಡರ್ ಮಾಯ, ಮೊಳೆ ಮಾತ್ರ ಉಳಿದಿತ್ತು. ನನ್ನ ಲೋಟ ಯಾವ ಕೊಕ್ಕೆಗೆ ತೂಗುತ್ತದೆ, ನನ್ನ ಟವೆಲ್ಲು ಎಲ್ಲಿ, ಒಂದೂ ತಿಳಿಯಲಿಲ್ಲ. ಒಂಟಿಕಾಲಲ್ಲಿ ಕುಣಿಯುತ್ತ, “ಇದೇನು ಇದು!” ಎಂದು ಕೂಗಿದೆ. ಆ ಕೂಗಿಗೆ ಬೀದಿಯ ವಾಹನಗಳೆಲ್ಲ ನಿಂತವು.

ಹೆಂಡತಿ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. “ಸ್ವಲ್ಪ ಚುಚ್ಚಿದ ಹಾಗೆ ಆಗುತ್ತೆ, ಅಷ್ಟೇ.”

“ಯಾರು ಮಾಡಿದ್ದು?”

“ನಾವಿಬ್ರೂ. ಒಂದು ಕಲ್ಲೂ ಹಳೇ ಜಾಗದಲ್ಲಿ ಇರ್ಬಾರದಂತೆ.”

ಹುಡುಗಿ ತೊಟ್ಟಿಯ ಮುಂದೆ ನಿಂತು ಬೆನ್ನು ತೋರಿಸಿಕೊಂಡಿದ್ದಳು. ನಾನು ಕೂರಲು ಕುರ್ಚಿ ಹುಡುಕಿದೆ. ಕುರ್ಚಿ ಕಿಟಕಿಯ ಪಕ್ಕ ಇತ್ತು, ಅದರ ಮೇಲೆ ಮಡಿಸಿದ ಹೊದಿಕೆಗಳ ರಾಶಿ. ಕಾಲು ಉರಿಯುತ್ತಿತ್ತು. ಬಾಗಿಲ ಪಕ್ಕ ಕಂಡದ್ದರ ಮೇಲೆ ಧೊಪ್ಪನೆ ಕುಳಿತೆ.

ಕಟಕ್ ಎಂದಿತು.

“ಏಯ್! ಏಳು ಮೇಲೆ! ಏಳು ಅಂದ್ರೆ! ನೋಡ್ಕೊಂಡು ಕೂರೋಕಾಗಲ್ವಾ ನಿಂಗೆ?”

ನಾನು ಎದ್ದೆ. ಎರಡು ವಾರದ ‘ನೀವು’ ಎಲ್ಲ ಒಂದೇ ಏಟಿಗೆ ನೆಲಕ್ಕೆ ಬಿದ್ದಿತ್ತು. ಹೆಂಡತಿಯ ಕೈ ಸೆರಗಿನಲ್ಲೇ ನಿಂತುಹೋಗಿತ್ತು. ಹುಡುಗಿಗೆ ಅದರ ಪರಿವೆ ಇರಲಿಲ್ಲ. ಮಂಡಿಯೂರಿ ಸೂಟ್‌ಕೇಸಿನ ಜಿಪ್ಪು ಎಳೆದಳು. ಮೇಲೆಯೇ, ಒಂದು ಸ್ವೆಟರಿನಲ್ಲಿ ಸುತ್ತಿ, ಒಂದು ಫೋಟೊ ಇತ್ತು. ಗಾಜು ನಾಲ್ಕು ಚೂರಾಗಿ, ಪುಡಿ ಬಟ್ಟೆಗಳ ಮೇಲೆಲ್ಲ ಚೆಲ್ಲಿತ್ತು.

ಫೋಟೊದಲ್ಲಿ ಹುಡುಗಿಯದೇ ಮೂಗಿನ ಒಬ್ಬ ಮನುಷ್ಯ, ಮನೆ ಖಾಲಿ ಮಾಡುವಾಗ ಒಡೆದುಹೋದ ಆ ತೊಟ್ಟಿಯ ಪಕ್ಕ, ಅದು ಒಡೆಯುವ ಮೊದಲು, ಕೈಯಲ್ಲಿ ಬಲೆ ಹಿಡಿದು ನಗುತ್ತಿದ್ದ. ಹಲ್ಲು ಸಾಲಾಗಿತ್ತು. ಆದರೆ ಅಂಥ ಕಳಪೆ ಕಟ್ಟನ್ನು ನಾನು ಜನ್ಮದಲ್ಲಿ ನೋಡಿಲ್ಲ. ಮೂಲೆಗಳು ಬಾಯಿ ಬಿಟ್ಟಿದ್ದವು, ಹಿಂದಿನ ರಟ್ಟು ಬಾಗಿತ್ತು, ಗಾಜನ್ನು ಮರಕ್ಕೆ ಬಿಗಿಯಾಗಿ ತುರುಕಿದ್ದರು. ನಾನು ಕೂರದಿದ್ದರೂ ಅದು ಒಂದು ದಿನ ತಾನಾಗಿ ಬಿರಿಯುತ್ತಿತ್ತು.

“ಯಾರು ಕಟ್ಟಿದ್ದು ಇದನ್ನ?” ಎಂದು ಕೇಳಿದೆ.

“ಗೊತ್ತಿಲ್ಲ.” ಅವಳ ಮೂಗು ಕೆಂಪಾಗಿತ್ತು.

“ಅವನ ಕೈ ಕಟ್ ಮಾಡ್ಬೇಕು. ಬಾ.”

ಬಟ್ಟೆಯ ಮಡಿಕೆಯಲ್ಲಿ ಗಾಜಿನ ಪುಡಿ ಇರಬಾರದೆಂದು ಹೆಂಡತಿ ಸೂಟ್‌ಕೇಸಿನ ಎಲ್ಲವನ್ನೂ ಹೊರಗೆ ತೆಗೆದು ಒಂದೊಂದಾಗಿ ಕೊಡವತೊಡಗಿದಳು. “ಪುಡಿ ಇದೆ ಅಂತ ತೆಗೀತಿರೋದು ಅಮ್ಮ, ಅಷ್ಟೇ. ಇರ್ತೀನಿ ಅಂತ ಅಲ್ಲ,” ಎಂದು ಹುಡುಗಿ ಬಾಗಿಲಿನಿಂದ ಹೇಳಿ ನನ್ನ ಜೊತೆ ಮೆಟ್ಟಿಲಿಳಿದಳು.

ಅಂಗಡಿಯಲ್ಲಿ ತೇಗದ ಪಟ್ಟಿ ಆರಿಸಿದೆ, ಮೂಲೆ ಕೂಡಿಸಿದೆ. ಗಾಜು ಕೊಯ್ಯುವಾಗ ಅವಳು ಸ್ಕೇಲು ತೆಗೆದಳು. ಬೇಡವೆನ್ನಲಿಲ್ಲ. ಕೊಯ್ದ ಗಾಜನ್ನು ಕಟ್ಟಿನೊಳಗೆ ಇಳಿಸಿದ ಮೇಲೆ ಅವಳು ನಾಲ್ಕೂ ಕಡೆ ಅಳೆದಳು.

“ಮೂರು, ಮೂರು, ಮೂರು, ಮೂರು,” ಅಂದಳು. ಸ್ಕೇಲು ಕೆಳಗಿಟ್ಟು, “ಇಲ್ಲಿ ಸರಿ ಇದೆ.”

ಮನೆಗೆ ಬಂದ ಮೇಲೆ ಫೋಟೊ ಎಲ್ಲಿ ಹಾಕಬೇಕೆಂದು ನಾನು ಕೇಳಲಿಲ್ಲ. ಅವಳೇ ಕ್ಯಾಲೆಂಡರಿನ ಮೊಳೆಗೆ, ತೊಟ್ಟಿಯ ಮೇಲ್ಗಡೆ, ತೂಗುಹಾಕಿದಳು. ಒಂದು ಕೂದಲೆಳೆ ಎಡಕ್ಕೆ ವಾಲಿತ್ತು. ನಾನು ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ನನ್ನ ಬದುಕಿನ ಮಹಾ ಸಾಹಸಗಳಲ್ಲಿ ಅದೂ ಒಂದು.

ಮರುದಿನ ಬೆಳಿಗ್ಗೆ ತಿಂಡಿಗೆ ಮೊದಲು ಜಮೀನ್ದಾರನನ್ನು ಬಿಟ್ಟೆವು. ಬಲೆ ಹುಡುಗಿಯ ಕೈಯಲ್ಲಿತ್ತು, ಬಸ್ಸಿನ ಚೀಟಿ ಇನ್ನೂ ಕನ್ನಡಿಯಲ್ಲಿತ್ತು. ಹೆಂಡತಿ ನಿಂತೇ ಚಹಾ ಕುಡಿಯುತ್ತಿದ್ದಳು. ಜಮೀನ್ದಾರ ಕಮಾನು ಇದ್ದ ಜಾಗಕ್ಕೆ ಹೋದ; ಅಲ್ಲಿ ಮರಳು. ಬಲಕ್ಕೆ ಹೋದ, ಗುಂಡುಕಲ್ಲಿನ ಸಂದಿಯಿಂದ ಒಂದು ಹಳದಿ ಮೂತಿ ಹೊರಗೆ ಬಂದು ಅವನನ್ನು ನೋಡಿತು. ಎಡಕ್ಕೆ ಹೋದ, ಅಲ್ಲಿ ಇನ್ನೆರಡು. ಒಮ್ಮೆ ಚೂರುವಿನ ಮೇಲೆ ನುಗ್ಗುವಂತೆ ಮಾಡಿದ. ಬಲೆ ನೀರಿಗೆ ಇಳಿಯಿತು. ಅಷ್ಟರಲ್ಲಿ ಚೂರು ತನ್ನ ಸಂದಿಗೆ ನುಸುಳಿತು, ಆ ಸಂದಿ ಅವನಿಗೆ ಚಿಕ್ಕದು, ಮತ್ತು ಅವನಿಗೆ ಅದರ ಹಿಂಬಾಗಿಲು ಗೊತ್ತಿರಲಿಲ್ಲ. ಮೂತಿ ತೂರಿಸಿ ನೋಡಿ, ಹಿಂದೆ ಸರಿದ. ಒಂದು ಗಂಟೆ ಹೊತ್ತು ಗೋಡೆಗುಂಟ ತಿರುಗಿ, ಕೊನೆಗೆ ಫಿಲ್ಟರಿನ ಕೊಳವೆಯ ಹಿಂದೆ, ಯಾರೂ ಆರಿಸದ ಮೂಲೆಯಲ್ಲಿ ನಿಂತ.

ಐದು ದಿನ ನಿಂತೇ ನೋಡಿದೆವು. ಅಟ್ಟಿಸಿಕೊಂಡು ಹೋಗುವುದಿತ್ತು, ಒಂದೆರಡು ಗುದ್ದಾಟವಿತ್ತು. ಸತ್ತದ್ದು ಯಾವುದೂ ಇಲ್ಲ. ಆರನೆಯ ದಿನ ಹುಡುಗಿ ಹೊಸ ಶಾಲೆಯ ಚೀಲ ಹೆಗಲಿಗೇರಿಸಿ, ಖಾಲಿ ಸೂಟ್‌ಕೇಸನ್ನು ಬೀರುವಿನ ಮೇಲೆ ತಳ್ಳಲು ಹೇಳಿದಳು. “ಇನ್ನೂ ಒಳಗೆ. ಬೀಳುತ್ತೆ. ನೀನು ಉದ್ದ ಇದೀಯಲ್ಲ, ತಳ್ಳು.” ಕನ್ನಡಿಯ ಚೀಟಿಯನ್ನು ಹೆಂಡತಿ ಯಾವಾಗ ತೆಗೆದಳೋ ನಾನು ನೋಡಲಿಲ್ಲ.

ಕುರ್ಚಿ ಈಗಲೂ ಕಿಟಕಿಯ ಪಕ್ಕವೇ ಇದೆ. ಅಲ್ಲಿಂದ ಟೀವಿ ಕಾಣುವುದಿಲ್ಲ. ಮೇಜಿಗೆ ವಾರಕ್ಕೆರಡು ಸಲ ಕಾಲು ಬಡಿಯುತ್ತದೆ.

ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರಿಗೆ ಈ ಕತೆ ಹೇಳುತ್ತಿದ್ದೆ: ಮೊಸಳೆಯಷ್ಟು ದೊಡ್ಡ ಮೀನನ್ನು ನಾನೊಬ್ಬನೇ, ಬರಿಗೈಯಲ್ಲಿ, ಮೂರೇ ದಿನದಲ್ಲಿ ಹೇಗೆ ಪಳಗಿಸಿದೆ ಎಂದು. ಹುಡುಗಿ ಹಿಂದಿನ ಮೇಜಿನಲ್ಲಿ ಲೆಕ್ಕದ ಹೋಮ್‌ವರ್ಕ್ ಮಾಡುತ್ತಿದ್ದಳು. ತಲೆ ಎತ್ತದೆಯೇ ಗಿರಾಕಿಗೆ ಹೇಳಿದಳು:

“ಇವನು ಏನು ಹೇಳಿದ್ರೂ ಒಂದೊಂದು ಕಡೆ ಮೂರು ಮಿಲಿಮೀಟರ್ ಕಡಿಮೆ ಮಾಡ್ಕೊಂಡು ಕೇಳಿ.”